ಅವಧಿಗೆ ಮುನ್ನ ಹುಟ್ಟಿದ ಮಗುವಿನ ಕಣ್ಣಿನ ಚಿತ್ರ: ದೂರದಲ್ಲಿರುವ ವೈದ್ಯರ ವರದಿಯನ್ನು ಎಷ್ಟು ನಂಬಬಹುದು?

ಪ್ರಶ್ನೆ: ಒಬ್ಬ ತಂದೆ, ಉತ್ತರ ಕರ್ನಾಟಕ

ಎಲ್ಲರಿಗೂ ನಮಸ್ಕಾರ. ನಮ್ಮ ಮಗಳು 31 ವಾರಕ್ಕೇ ಹುಟ್ಟಿದಳು. ಹುಟ್ಟಿದಾಗ ತೂಕ 1,400 ಗ್ರಾಂ ಇತ್ತು. ಆಕೆಗೆ ನಾಲ್ಕನೆಯ ವಾರ ನಡೆಯುತ್ತಿದ್ದಾಗ ನವಜಾತ ಶಿಶು ಘಟಕಕ್ಕೆ ಒಬ್ಬ ತಂತ್ರಜ್ಞರು ಕ್ಯಾಮೆರಾ ತಂದು, ಎರಡೂ ಕಣ್ಣುಗಳ ಒಳಭಾಗದ ಚಿತ್ರಗಳನ್ನು ತೆಗೆದರು. ಆ ಚಿತ್ರಗಳನ್ನು ಬೆಂಗಳೂರಿನಲ್ಲಿರುವ ರೆಟಿನಾ ತಜ್ಞರು ನೋಡಿ, ‘ಆರ್‌ಒಪಿ, ಎರಡನೆಯ ವಲಯ, ಮೊದಲ ಹಂತ, ಪ್ಲಸ್ ಇಲ್ಲ, ಎರಡು ವಾರಗಳ ನಂತರ ಮರುತಪಾಸಣೆ’ ಎಂದು ವರದಿ ಕಳುಹಿಸಿದ್ದಾರೆ. ವೈದ್ಯರು ಮಗುವನ್ನು ಕಣ್ಣಾರೆ ನೋಡದೆ, ಕೇವಲ ಚಿತ್ರ ನೋಡಿ ಕೊಟ್ಟ ಈ ವರದಿಯನ್ನು ನಂಬಿ ಎರಡು ವಾರ ಕಾಯಬಹುದೇ, ಅಥವಾ ಈಗಲೇ ಮಗುವನ್ನು ಬೆಂಗಳೂರಿಗೆ ಕರೆದೊಯ್ಯಬೇಕೇ? ಇಷ್ಟು ಚಿಕ್ಕ ಮಗುವನ್ನು ರಾತ್ರಿಯಿಡೀ ಪ್ರಯಾಣ ಮಾಡಿಸಲು ಮನೆಯಲ್ಲಿ ಎಲ್ಲರೂ ಹಿಂಜರಿಯುತ್ತಿದ್ದಾರೆ. ಈಗ ಕಂಪ್ಯೂಟರೇ ಇಂತಹ ಚಿತ್ರಗಳನ್ನು ಓದಿ ಹೇಳುತ್ತದೆ ಎಂದೂ ಕೇಳಿದ್ದೇನೆ. ಅದರಿಂದ ಇನ್ನಷ್ಟು ಖಚಿತತೆ ಸಿಗುತ್ತದೆಯೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ: ನೇತ್ರತಜ್ಞೆ

ಮೊದಲಿಗೆ ವರದಿಯ ಅರ್ಥವನ್ನು ಹೇಳುತ್ತೇನೆ, ಏಕೆಂದರೆ ಅದು ತಿಳಿದರೆ ತಮ್ಮ ಅರ್ಧ ಆತಂಕ ಕಡಿಮೆಯಾದೀತು. ಆರ್‌ಒಪಿ ಎಂದರೆ ಅವಧಿಗೆ ಮುನ್ನ ಹುಟ್ಟಿದ ಮಕ್ಕಳ ರೆಟಿನಾದಲ್ಲಿ, ಅಂದರೆ ಕಣ್ಣಿನ ಹಿಂಭಾಗದ ಬೆಳಕು ಗ್ರಹಿಸುವ ಪದರದಲ್ಲಿ, ರಕ್ತನಾಳಗಳು ಸರಿಯಾಗಿ ಬೆಳೆಯದೆ ಬರುವ ರೋಗ. ಗರ್ಭದಲ್ಲಿ ಸುಮಾರು 16ನೆಯ ವಾರದಿಂದ ರೆಟಿನಾದ ರಕ್ತನಾಳಗಳು ಕಣ್ಣಿನ ನರದ ಬುಡದಿಂದ ಅಂಚಿನ ಕಡೆಗೆ ಬೆಳೆಯುತ್ತಾ ಹೋಗುತ್ತವೆ. ಮೂಗಿನ ಕಡೆಯ ಅಂಚನ್ನು ಸುಮಾರು 36ನೆಯ ವಾರಕ್ಕೆ, ಕಿವಿಯ ಕಡೆಯ ಅಂಚನ್ನು ಸುಮಾರು 40ನೆಯ ವಾರಕ್ಕೆ ತಲುಪುತ್ತವೆ. ಮಗು ಬೇಗ ಹುಟ್ಟಿದಾಗ ಈ ಬೆಳವಣಿಗೆ ನಡುವೆಯೇ ನಿಂತು, ನಾಳವಿರುವ ಭಾಗಕ್ಕೂ ಇಲ್ಲದ ಭಾಗಕ್ಕೂ ನಡುವೆ ಒಂದು ಗೆರೆ ಮೂಡಬಹುದು. ಆ ತೆಳು ಗೆರೆಯೇ ಮೊದಲ ಹಂತ. ಗೆರೆ ದಪ್ಪಗಾಗಿ ದಿಣ್ಣೆಯಂತಾದರೆ ಎರಡನೆಯ ಹಂತ, ಅದರ ಮೇಲೆ ಅಸಹಜ ನಾಳಗಳು ಹುಟ್ಟಿಕೊಂಡರೆ ಮೂರನೆಯ ಹಂತ. ನಾಲ್ಕು ಮತ್ತು ಐದನೆಯ ಹಂತಗಳಲ್ಲಿ ರೆಟಿನಾ ತನ್ನ ಜಾಗದಿಂದ ಕಳಚಿಕೊಳ್ಳುತ್ತದೆ. ರೋಗ ಕಣ್ಣಿನ ನರದಿಂದ ಎಷ್ಟು ದೂರದಲ್ಲಿದೆ ಎಂಬುದನ್ನು ‘ವಲಯ’ ಹೇಳುತ್ತದೆ; ಮೂರು ವಲಯಗಳಲ್ಲಿ ಎರಡನೆಯದು ನಡುವಿನದು. ಕಣ್ಣಿನ ನರದ ಸುತ್ತಲಿನ ನಾಳಗಳು ಉಬ್ಬಿ ಸೊಟ್ಟಗಾಗುವುದನ್ನು ‘ಪ್ಲಸ್’ ಎನ್ನುತ್ತೇವೆ. ಬಹಳಷ್ಟು ಮಕ್ಕಳಲ್ಲಿ ಚಿಕಿತ್ಸೆ ಬೇಕೋ ಬೇಡವೋ ಎಂಬುದನ್ನು ಅದೇ ತೀರ್ಮಾನಿಸುತ್ತದೆ. ತಮ್ಮ ಮಗುವಿಗೆ ಈಗ ಚಿಕಿತ್ಸೆಯ ಅಗತ್ಯವಿಲ್ಲ. ಈ ಹಂತದಲ್ಲಿರುವ ಎಷ್ಟೋ ಮಕ್ಕಳಲ್ಲಿ ಗೆರೆ ತಾನಾಗಿಯೇ ಮಾಯವಾಗುತ್ತದೆ. ಎರಡನೆಯ ವಲಯ, ಮೊದಲ ಹಂತಕ್ಕೆ ಎರಡು ವಾರಗಳ ಅಂತರವೆಂಬುದು ಎಲ್ಲೆಡೆ ಒಪ್ಪಿತವಾದ ಕ್ರಮ.

ಇನ್ನು ನಂಬಿಕೆಯ ವಿಷಯ. ದೂರದಿಂದ ಚಿತ್ರ ನೋಡಿ ನಿರ್ಧರಿಸುವ ಪದ್ಧತಿ ನಮ್ಮ ರಾಜ್ಯಕ್ಕೆ ಹೊಸದಲ್ಲ. ನಾರಾಯಣ ನೇತ್ರಾಲಯವು 2008ರಲ್ಲಿ ಆರಂಭಿಸಿದ ಕಿಡ್‌ರಾಪ್ ಯೋಜನೆಯಲ್ಲಿ ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳ ಶಿಶು ಘಟಕಗಳಿಗೆ ಹೋಗುತ್ತಾರೆ. ಚಿತ್ರಗಳನ್ನು ತುರ್ತಿಗೆ ತಕ್ಕಂತೆ ಕೆಂಪು, ಕಿತ್ತಳೆ, ಹಸಿರು ಎಂದು ವಿಂಗಡಿಸುತ್ತಾರೆ, ಮತ್ತು ತಜ್ಞರು ದೂರದಲ್ಲಿದ್ದುಕೊಂಡೇ ಅವನ್ನು ಪರಿಶೀಲಿಸುತ್ತಾರೆ. ಉತ್ತರ ಅಮೆರಿಕದಲ್ಲಿ 1,257 ಶಿಶುಗಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಇ-ರಾಪ್ ಅಧ್ಯಯನದಲ್ಲಿ, ವೈದ್ಯರಲ್ಲದ, ತರಬೇತಿ ಪಡೆದ ಓದುಗರು ಚಿತ್ರಗಳನ್ನಷ್ಟೇ ನೋಡಿ, ತಜ್ಞರಿಗೆ ತೋರಿಸಲೇಬೇಕಾದ ಮಕ್ಕಳಲ್ಲಿ ಶೇ. 90ರಷ್ಟು ಮಂದಿಯನ್ನು ಗುರುತಿಸಿದರು. ಉಳಿದ ಶೇ. 10 ಕಡಿಮೆಯೇನಲ್ಲ. ಆದರೆ ಆ ಲೆಕ್ಕ ಒಂದೊಂದು ಭೇಟಿಗೆ ಸಂಬಂಧಿಸಿದ್ದು. ಮಗುವನ್ನು ಮತ್ತೆ ಮತ್ತೆ ನೋಡುವ ಕ್ರಮವಿರುವುದರಿಂದ ಒಮ್ಮೆ ಕಣ್ತಪ್ಪಿದ್ದು ಮುಂದಿನ ಸಲ ಸಿಗುವ ಅವಕಾಶವಿರುತ್ತದೆ. ನನ್ನ ಅಭಿಪ್ರಾಯದಲ್ಲಿ ತಾವು ಹೆದರಬೇಕಾದದ್ದು ಮುಂದಿನ ತಾರೀಖು ತಪ್ಪುವುದಕ್ಕೆ. ರೋಗ ಉಲ್ಬಣಿಸಿದರೆ 48ರಿಂದ 72 ಗಂಟೆಗಳೊಳಗೆ ಲೇಸರ್ ಅಥವಾ ಇಂಜೆಕ್ಷನ್ ಚಿಕಿತ್ಸೆ ಆಗಬೇಕು. ಅಲ್ಲಿ ಒಂದು ವಾರದ ತಡವೂ ದೃಷ್ಟಿಯನ್ನು ಕಸಿದುಕೊಳ್ಳಬಲ್ಲದು.

ಉತ್ತರ: ಶಿಶು ಘಟಕಗಳಲ್ಲಿ ಕಣ್ಣಿನ ಚಿತ್ರ ತೆಗೆಯುವ ತಂತ್ರಜ್ಞ

ಮೇಡಂ ಹೇಳಿದ್ದಕ್ಕೆ ಚಿತ್ರ ತೆಗೆಯುವವರ ಕಡೆಯಿಂದ ಒಂದೆರಡು ಮಾತು ಸೇರಿಸುತ್ತೇನೆ. ವರದಿಯ ಗುಣಮಟ್ಟ ಚಿತ್ರದ ಗುಣಮಟ್ಟವನ್ನೇ ಅವಲಂಬಿಸಿರುತ್ತದೆ. ಮೊದಲು ಹನಿ ಹಾಕಿ ಪಾಪೆಯನ್ನು ಚೆನ್ನಾಗಿ ಹಿಗ್ಗಿಸಬೇಕು. ನಂತರ ಕಣ್ಣಿನ ಮೇಲೆ ಜೆಲ್ ಹಚ್ಚಿ, ಕ್ಯಾಮೆರಾದ ಮಸೂರವನ್ನು ಮೆಲ್ಲಗೆ ತಾಗಿಸಿ, ನಡುಭಾಗದ ಚಿತ್ರ ತೆಗೆದ ಮೇಲೆ ಮೂಗಿನ ಕಡೆ, ಕಿವಿಯ ಕಡೆ, ಮೇಲೆ, ಕೆಳಗೆ ಹೀಗೆ ಒಂದೊಂದಾಗಿ ಅಂಚಿನವರೆಗೂ ಹೋಗಬೇಕು. ಈ ಕ್ಯಾಮೆರಾ ಒಂದು ನೋಟಕ್ಕೆ 130 ಡಿಗ್ರಿಯಷ್ಟು ಅಗಲವನ್ನು ಹಿಡಿಯುತ್ತದೆಯಾದರೂ ಕಣ್ಣನ್ನು ತಿರುಗಿಸದೆ ಅಂಚು ಸಿಗುವುದಿಲ್ಲ. ಪಾಪೆ ಸರಿಯಾಗಿ ಹಿಗ್ಗದಿದ್ದರೆ, ತೀರಾ ಎಳೆಯ ಮಗುವಿನ ಕಾರ್ನಿಯಾ (ಕಣ್ಣಿನ ಮುಂಭಾಗದ ಪಾರದರ್ಶಕ ಪದರ) ಮಂಜಾಗಿದ್ದರೆ, ಅಥವಾ ಮಗು ಸುಸ್ತಾಗಿ ಕೆಲಸವನ್ನು ನಡುವೆಯೇ ನಿಲ್ಲಿಸಬೇಕಾಗಿ ಬಂದರೆ ಕೆಲವು ಭಾಗಗಳು ಬಿಟ್ಟುಹೋಗುತ್ತವೆ. ಹಾಗೆ ಬಿಟ್ಟುಹೋದ ಭಾಗವನ್ನು ‘ನೋಡಿಲ್ಲ’ ಎಂದೇ ಬರೆಯಬೇಕು. ಅದನ್ನು ‘ಸರಿಯಿದೆ’ ಎಂದು ತಿಳಿಯಬಾರದು. ಆದ್ದರಿಂದ ತಾವು ಘಟಕದವರನ್ನು ಕೇಳಬೇಕಾದ ಪ್ರಶ್ನೆ ಇದು: ಎರಡೂ ಕಣ್ಣುಗಳಲ್ಲಿ ಎಲ್ಲ ದಿಕ್ಕುಗಳ ಚಿತ್ರಗಳೂ ಸ್ಪಷ್ಟವಾಗಿ ಸಿಕ್ಕಿವೆಯೇ? ಸಿಕ್ಕಿದ್ದರೆ ಎರಡು ವಾರ ಕಾಯುವುದರಲ್ಲಿ ತಪ್ಪಿಲ್ಲ. ಸಿಗದಿದ್ದರೆ ಬೇಗ ಮತ್ತೊಮ್ಮೆ ಚಿತ್ರ ತೆಗೆಸಿ, ಅಥವಾ ಹತ್ತಿರದಲ್ಲಿ ಆರ್‌ಒಪಿ ನೋಡುವ ತಜ್ಞರಿದ್ದರೆ ಅವರಿಂದ ನೇರ ತಪಾಸಣೆ ಮಾಡಿಸಿ.

ಮುಂದಿನ ಸಲ ತಪಾಸಣೆಗೆ ಸುಮಾರು ಒಂದು ಗಂಟೆ ಮೊದಲೇ ಹಾಲು ಕುಡಿಸುವುದನ್ನು ಮುಗಿಸಿರಲಿ. ಆಗ ವಾಂತಿಯಾಗುವ ಭಯ ಕಡಿಮೆ. ಮಗು ಅಳುತ್ತದೆ, ತಂದೆತಾಯಿಗೆ ನೋಡಲು ಕಷ್ಟವಾಗುತ್ತದೆ, ಆದರೆ ಕೆಲಸ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ.

ಪ್ರಶ್ನಿಸಿದವರು

ಇಬ್ಬರಿಗೂ ಧನ್ಯವಾದಗಳು. ಘಟಕದಲ್ಲಿ ವಿಚಾರಿಸಿದೆ, ಎಲ್ಲ ದಿಕ್ಕುಗಳ ಚಿತ್ರಗಳೂ ಇವೆ ಎಂದರು. ಕಂಪ್ಯೂಟರಿನ ಬಗ್ಗೆ ಯಾರಾದರೂ ಹೇಳುವಿರಾ? ಇನ್ನೊಂದು ಸಂದೇಹವೂ ಇದೆ. ವಿದೇಶದಲ್ಲಿರುವ ನಮ್ಮ ಸಂಬಂಧಿಯೊಬ್ಬರ ಮಗು 1,800 ಗ್ರಾಂ ಇತ್ತು, ಅದಕ್ಕೆ ಈ ಪರೀಕ್ಷೆಯನ್ನೇ ಮಾಡಲಿಲ್ಲವಂತೆ. ಇಲ್ಲಿ ಮಾತ್ರ ಅಷ್ಟು ತೂಕದ ಮಕ್ಕಳಿಗೂ ಏಕೆ ಮಾಡುತ್ತಾರೆ?

ಉತ್ತರ: ವೈದ್ಯಕೀಯ ಚಿತ್ರ ವಿಶ್ಲೇಷಣೆಯ ಸಂಶೋಧಕಿ

ಕಂಪ್ಯೂಟರ್ ಈ ಕೆಲಸಕ್ಕೆ ಏಕೆ ಬಂತೆಂಬುದನ್ನು ತಿಳಿದರೆ ಅದರಿಂದ ಏನನ್ನು ನಿರೀಕ್ಷಿಸಬಹುದೆಂಬುದೂ ತಿಳಿಯುತ್ತದೆ. ‘ಪ್ಲಸ್’ ಇದೆಯೋ ಇಲ್ಲವೋ ಎಂಬುದರಲ್ಲಿ ತಜ್ಞರೇ ಒಮ್ಮತಕ್ಕೆ ಬರುವುದಿಲ್ಲ. 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 22 ಪರಿಣತರಿಗೆ 34 ಚಿತ್ರಗಳನ್ನು ಕೊಟ್ಟು, ಪ್ಲಸ್, ಪ್ರೀ-ಪ್ಲಸ್ (ಪ್ಲಸ್‌ನಷ್ಟು ತೀವ್ರವಲ್ಲದ ಬದಲಾವಣೆ), ಎರಡೂ ಇಲ್ಲ ಎಂದು ವಿಂಗಡಿಸಲು ಹೇಳಿದಾಗ, ಉತ್ತರಿಸಿದ ಎಲ್ಲರೂ ಒಂದೇ ಉತ್ತರ ಕೊಟ್ಟದ್ದು ಕೇವಲ 4 ಚಿತ್ರಗಳಿಗೆ. ಪರಿಣತರಲ್ಲಿ ಜ್ಞಾನದ ಕೊರತೆಯಿತ್ತೆಂದು ಇದರ ಅರ್ಥವಲ್ಲ. ನಾಳಗಳ ಉಬ್ಬು ಮತ್ತು ಡೊಂಕು ಸ್ವಲ್ಪಸ್ವಲ್ಪವಾಗಿ ಏರುತ್ತಾ ಹೋಗುವಂಥವು. ಗೆರೆಯನ್ನು ಎಲ್ಲಿ ಎಳೆಯಬೇಕೆಂಬಲ್ಲಿ ಒಬ್ಬೊಬ್ಬರ ನಿಲುವು ಒಂದೊಂದು. 2021ರ ಅಂತರರಾಷ್ಟ್ರೀಯ ವರ್ಗೀಕರಣವೂ ಪ್ಲಸ್ ಎಂಬುದನ್ನು ಇಂತಹ ನಿರಂತರ ಏರಿಕೆಯೆಂದೇ ಒಪ್ಪಿಕೊಂಡಿದೆ.

ಅಳತೆಯಲ್ಲಿ ಪ್ರತಿ ಸಲವೂ ಒಂದೇ ಮಾನದಂಡವನ್ನು ಪಾಲಿಸುವುದು ಯಂತ್ರದ ಬಲ. 2018ರಲ್ಲಿ ಪ್ರಕಟವಾದ ಐ-ರಾಪ್ ಗುಂಪಿನ ಕೆಲಸದಲ್ಲಿ 5,511 ಚಿತ್ರಗಳಿಂದ ಕಲಿತ ಪ್ರೋಗ್ರಾಂ, ಮೊದಲು ಚಿತ್ರದಿಂದ ರಕ್ತನಾಳಗಳನ್ನಷ್ಟೇ ಬೇರ್ಪಡಿಸಿ, ಆಮೇಲೆ ಅವುಗಳ ರೂಪವನ್ನು ನೋಡಿ ವರ್ಗೀಕರಿಸಿತು. ಅದು ಹಿಂದೆಂದೂ ನೋಡಿರದ 100 ಚಿತ್ರಗಳಲ್ಲಿ 91ಕ್ಕೆ ಸರಿಯಾದ ಉತ್ತರ ಕೊಟ್ಟು, ಅದೇ ಚಿತ್ರಗಳನ್ನು ನೋಡಿದ ಎಂಟು ತಜ್ಞರಲ್ಲಿ ಆರು ಮಂದಿಯನ್ನು ಮೀರಿಸಿತು. ಈ ಫಲಿತಾಂಶವನ್ನು ನಾನು ಬಹಳ ಗೌರವದಿಂದ ಕಾಣುತ್ತೇನೆ. ಆದರೆ ಅದು ನೋಡಿದ್ದು ಕಣ್ಣಿನ ನರದ ಸುತ್ತಲಿನ ಭಾಗವನ್ನು. ಅಂಚಿನಲ್ಲಿರುವ ಗೆರೆಯ ಹಂತವನ್ನಾಗಲಿ ವಲಯವನ್ನಾಗಲಿ ಅದು ಹೇಳಲಿಲ್ಲ. ಇನ್ನೂ ಒಂದು ಎಚ್ಚರಿಕೆ ಅಗತ್ಯ: ಒಂದು ಬಗೆಯ ಕ್ಯಾಮೆರಾದ ಚಿತ್ರಗಳಿಂದ ಕಲಿತ ಪ್ರೋಗ್ರಾಂ ಇನ್ನೊಂದು ಬಗೆಯ ಕ್ಯಾಮೆರಾದ ಮುಂದೆ ಎಡವಬಹುದು, ಮತ್ತು ನಮ್ಮ ಮಕ್ಕಳಲ್ಲಿ ರೆಟಿನಾದ ಹಿಂದಿನ ವರ್ಣದ್ರವ್ಯ ಹೆಚ್ಚಿರುವುದರಿಂದ ಚಿತ್ರದ ಹಿನ್ನೆಲೆ ಗಾಢವಾಗಿರುತ್ತದೆ. ಇಲ್ಲಿನ ಮಕ್ಕಳ ಚಿತ್ರಗಳ ಮೇಲೆ ಪರೀಕ್ಷಿಸದೆ ಯಾವ ಅಂಕವನ್ನೂ ನಂಬಬಾರದು. ತಮ್ಮ ಮಗುವಿನ ವಿಷಯದಲ್ಲಿ ತಜ್ಞರು ಈಗಾಗಲೇ ಪೂರ್ಣ ಚಿತ್ರಗಳನ್ನು ನೋಡಿದ್ದಾರೆ. ಕಂಪ್ಯೂಟರ್ ಅದಕ್ಕೆ ದೊಡ್ಡದೇನನ್ನೂ ಸೇರಿಸದು. ಮೊದಲ ಚಿತ್ರವನ್ನೂ ಮುಂದಿನದನ್ನೂ ಪಕ್ಕಪಕ್ಕದಲ್ಲಿಟ್ಟು ನಾಳಗಳು ಎಷ್ಟು ಬದಲಾಗಿವೆಯೆಂದು ಅಳೆಯುವಾಗ ಅದು ನಿಜಕ್ಕೂ ಉಪಯುಕ್ತ.

ಉತ್ತರ: ನೇತ್ರತಜ್ಞೆ

ತೂಕದ ಸಂದೇಹಕ್ಕೆ ಉತ್ತರಿಸುತ್ತೇನೆ. ಅಮೆರಿಕದಲ್ಲಿ ಸಾಮಾನ್ಯವಾಗಿ 1,500 ಗ್ರಾಂ ಅಥವಾ 30 ವಾರದವರೆಗಿನ ಮಕ್ಕಳನ್ನು ಪರೀಕ್ಷಿಸುತ್ತಾರೆ. ಭಾರತದಲ್ಲಿ ಅದಕ್ಕಿಂತ ಹೆಚ್ಚು ತೂಕದ ಮಕ್ಕಳಲ್ಲೂ ತೀವ್ರ ಆರ್‌ಒಪಿ ಕಾಣುತ್ತದೆ. ಆಮ್ಲಜನಕವನ್ನು ಎಲ್ಲೆಡೆ ಒಂದೇ ಎಚ್ಚರದಿಂದ ಅಳೆದು ಕೊಡಲಾಗದಿರುವುದು ಅದಕ್ಕೊಂದು ಮುಖ್ಯ ಕಾರಣ. ಹೀಗಾಗಿ ಇಲ್ಲಿ 2,000 ಗ್ರಾಂಗಿಂತ ಕಡಿಮೆ ತೂಕದ ಅಥವಾ 34 ವಾರಕ್ಕೆ ಮುನ್ನ ಹುಟ್ಟಿದ ಎಲ್ಲ ಮಕ್ಕಳಿಗೂ 30 ದಿನಗಳೊಳಗೆ ಮೊದಲ ತಪಾಸಣೆ ಆಗಬೇಕು. 28 ವಾರಕ್ಕೆ ಮುನ್ನ ಅಥವಾ 1,200 ಗ್ರಾಂಗಿಂತ ಕಡಿಮೆ ತೂಕದಲ್ಲಿ ಹುಟ್ಟಿದವರಿಗೆ ಎರಡು–ಮೂರು ವಾರಗಳಲ್ಲೇ ಆಗಬೇಕು.

ಚಿತ್ರಗಳು ಪೂರ್ಣವಾಗಿವೆ ಎಂದಾದ ಮೇಲೆ ಈಗ ಬೆಂಗಳೂರಿಗೆ ಬರುವ ಅಗತ್ಯವಿಲ್ಲ. ಆದರೆ ಇಷ್ಟರಲ್ಲಿ ಮಗುವನ್ನು ಡಿಸ್‌ಚಾರ್ಜ್ ಮಾಡಿದರೂ, ಬಾಣಂತನಕ್ಕೆಂದು ತಾಯಿಯನ್ನೂ ಮಗುವನ್ನೂ ತವರಿಗೆ ಕಳುಹಿಸಿದರೂ, ಮರುತಪಾಸಣೆಯ ದಿನ ಚಿತ್ರ ತೆಗೆಯುವ ತಂಡ ಎಲ್ಲಿರುತ್ತದೆಂದು ಇಂದೇ ಕೇಳಿ, ತಾರೀಖನ್ನೂ ಫೋನ್ ಸಂಖ್ಯೆಯನ್ನೂ ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಿ. ಆ ದಿನ ತಂಡ ಬರಲಾಗದಿದ್ದರೆ ಮಾತ್ರ, ಕಾಯದೆ ನೇರವಾಗಿ ತಜ್ಞರಿರುವ ಊರಿಗೆ ಹೊರಡಿ. ನಾಳಗಳು ಅಂಚಿನವರೆಗೆ ಪೂರ್ತಿ ಬೆಳೆದಿವೆ ಎಂದು ವೈದ್ಯರು ಬರೆದುಕೊಡುವವರೆಗೂ ಈ ತಪಾಸಣೆಗಳು ನಡೆಯಬೇಕು. ಇಂತಹ ಮಕ್ಕಳಿಗೆ ಮುಂದೆ ಮಯೋಪಿಯಾ (ದೂರದ್ದು ಮಸುಕಾಗಿ ಕಾಣುವ ದೋಷ) ಮತ್ತು ಮೆಳ್ಳೆಗಣ್ಣು ಬರುವ ಸಾಧ್ಯತೆ ಹೆಚ್ಚಾಗಿರುವುದರಿಂದ, ಅದಾದ ಬಳಿಕವೂ ಮಗುವಿಗೆ ಒಂದು ವರ್ಷ ತುಂಬಿದಾಗ ಒಮ್ಮೆ ಕಣ್ಣು ತೋರಿಸಿ.