ದಿನದ ಹೊತ್ತಿನ ಲೆಕ್ಕ: ಏಕಕಾಲಕ್ಕೆ ಎರಡು ಮೂರು ಕೆಲಸ ನಡೆದಾಗ ಯಾವುದನ್ನು ಬರೆಯಬೇಕು?

ತುಂಗಾತೀರ (ಪ್ರಶ್ನೆ):
ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದ ಪದವಿ ಕಾಲೇಜೊಂದರಲ್ಲಿ ಅಧ್ಯಾಪಕಿ. ಜೊತೆಗೆ ಪಿಎಚ್‌ಡಿ ಪ್ರಬಂಧವನ್ನೂ ಬರೆಯುತ್ತಿದ್ದೇನೆ. ದಿನವಿಡೀ ದುಡಿದರೂ ಪ್ರಬಂಧ ಮುಂದೆ ಸಾಗುತ್ತಿಲ್ಲ, ಮಗಳ ಜೊತೆ ನೆಮ್ಮದಿಯಿಂದ ಕೂರಲೂ ಆಗುತ್ತಿಲ್ಲ. ಆದ್ದರಿಂದ ನನ್ನ ಹೊತ್ತು ಎಲ್ಲಿ ಹೋಗುತ್ತಿದೆ ಎಂದು ನೋಟ್‌ಬುಕ್ಕಿನಲ್ಲಿ ಬರೆದಿಡಲು ಆರಂಭಿಸಿದ್ದೇನೆ. ಕಾಲೇಜಿನ ಅವಧಿಗಳನ್ನು ಬರೆಯುವುದು ಕಷ್ಟವಲ್ಲ. ತೊಡಕು ಬರುವುದು ಮನೆಯಲ್ಲಿ. ಸಂಜೆ ಕುಕ್ಕರ್ ಒಲೆಯ ಮೇಲಿರುತ್ತದೆ, ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಮಗ್ಗಿ ಒಪ್ಪಿಸುತ್ತಿರುತ್ತಾಳೆ, ವಿಭಾಗದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮರುದಿನದ ಪರೀಕ್ಷಾ ಕೆಲಸದ ಸಂದೇಶಗಳು ಬರುತ್ತಲೇ ಇರುತ್ತವೆ. ಆ ಅರ್ಧ ಗಂಟೆಯನ್ನು ಅಡುಗೆ ಎನ್ನಲೇ, ಮಗಳ ಓದು ಎನ್ನಲೇ, ಕಾಲೇಜಿನ ಕೆಲಸ ಎನ್ನಲೇ? ಹೀಗೆ ಬರೆದ ಲೆಕ್ಕವನ್ನು ಮುಂದೆ ಹೇಗೆ ಬಳಸಬೇಕು ಎಂಬುದನ್ನೂ ಅನುಭವಸ್ಥರು ತಿಳಿಸಿದರೆ ಉಪಕಾರವಾಗುತ್ತದೆ.

ಅಂಕಿನೋಟ:
ಮೇಡಂ, ಇದೇ ತೊಡಕನ್ನು ನಮ್ಮ ರಾಷ್ಟ್ರೀಯ ಸಾಂಖ್ಯಿಕ ಕಚೇರಿಯೂ ಎದುರಿಸಿದೆ. ಅದು 2019ರಲ್ಲಿ ಮೊದಲ ಬಾರಿಗೆ ಇಡೀ ದೇಶದಲ್ಲಿ ಸಮಯ ಬಳಕೆಯ ಸಮೀಕ್ಷೆ ನಡೆಸಿದಾಗ, ಹಿಂದಿನ ದಿನದ ನಸುಕಿನ 4 ಗಂಟೆಯಿಂದ ಮರುದಿನದ 4 ಗಂಟೆಯವರೆಗಿನ ಹೊತ್ತನ್ನು ಅರ್ಧರ್ಧ ಗಂಟೆಯ ಭಾಗಗಳಾಗಿ ಮಾಡಿ, ಪ್ರತಿ ಭಾಗದಲ್ಲಿ ಕನಿಷ್ಠ 10 ನಿಮಿಷ ನಡೆದ ಕೆಲಸಗಳನ್ನು ಮೂರರವರೆಗೆ ದಾಖಲಿಸಿ, ಅವುಗಳಲ್ಲಿ ಮುಖ್ಯವಾದುದನ್ನು ಬೇರೆಯಾಗಿ ಗುರುತಿಸುವ ಕ್ರಮವನ್ನು ಅನುಸರಿಸಿತು. ನೀವೂ ಪ್ರತಿ ಅರ್ಧ ಗಂಟೆಗೆ ಒಂದು ಸಾಲು ಹಾಕಿ, ಅಡುಗೆಯನ್ನು ಮುಖ್ಯ ಕೆಲಸವಾಗಿ ಬರೆದು, ಪಕ್ಕದ ಕಲಮಿನಲ್ಲಿ ಮಗಳ ಮಗ್ಗಿಯನ್ನು ನಮೂದಿಸಬಹುದು. ಎರಡನೆಯ ಕಲಮು ಇಲ್ಲದಿದ್ದರೆ ಮಗಳಿಗೆ ಕೊಟ್ಟ ಹೊತ್ತೆಲ್ಲ ಅಡುಗೆಯ ಖಾತೆಯಲ್ಲಿ ಮುಚ್ಚಿಹೋಗುತ್ತದೆ.

ಅದೇ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಮಹಿಳೆಯರು ದಿನಕ್ಕೆ ಸರಾಸರಿ 299 ನಿಮಿಷಗಳನ್ನು ಅದಕ್ಕೆ ಕೊಟ್ಟರೆ, ಅಂಥ ಕೆಲಸ ಮಾಡುವ ಪುರುಷರು ಕೊಟ್ಟದ್ದು 97 ನಿಮಿಷ. ದಿನವೆಲ್ಲ ದುಡಿದರೂ ಹೊತ್ತು ಸಾಲುತ್ತಿಲ್ಲ ಎಂಬ ನಿಮ್ಮ ಮಾತಿಗೆ ನಿಮ್ಮ ಶಿಸ್ತಿನ ಕೊರತೆಯೇ ಕಾರಣ ಎಂದುಕೊಳ್ಳುವ ಮೊದಲು ಈ ಅಂಕಿಗಳನ್ನು ಗಮನಿಸಿ.

ಓದುಗಣ್ಣು:
ಅಂಕಿನೋಟ ಅವರ ಕ್ರಮ ದೇಶದ ಲೆಕ್ಕಕ್ಕೆ ಸರಿ. ಆದರೆ ಒಬ್ಬರೇ ದಿನವೂ ನಲವತ್ತೆಂಟು ಸಾಲು ತುಂಬಬೇಕಾದರೆ, ಬರೆಯುವುದೇ ಇನ್ನೊಂದು ಕೆಲಸವಾಗಿಬಿಡುತ್ತದೆ ಎಂಬುದು ನನ್ನ ಅಭಿಪ್ರಾಯ. ಸೋವಿಯತ್ ಒಕ್ಕೂಟದ ಕೀಟವಿಜ್ಞಾನಿ ಅಲೆಕ್ಸಾಂಡರ್ ಲ್ಯೂಬಿಶ್ಚೆವ್ 1916ರಲ್ಲಿ ತಮ್ಮ ಹೊತ್ತಿನ ಲೆಕ್ಕ ಆರಂಭಿಸಿ, 1972ರಲ್ಲಿ ತೀರಿಕೊಳ್ಳುವವರೆಗೂ ಮುಂದುವರಿಸಿದರು. ಅವರು ಕೆಲಸಕ್ಕೆ ಕುಳಿತ ಒಟ್ಟು ಹೊತ್ತಿನಿಂದ ನಡುವಿನ ಬಿಡುವುಗಳನ್ನೆಲ್ಲ ಕಳೆದು, ನಿಜವಾಗಿ ಕೆಲಸ ನಡೆದ ನಿವ್ವಳ ಹೊತ್ತನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಿದ್ದರು. ತಿಂಗಳಿಗೊಮ್ಮೆ, ವರ್ಷಕ್ಕೊಮ್ಮೆ ಮೊತ್ತ ತೆಗೆದು, ಮುಂದಿನ ಕೆಲಸಕ್ಕೆ ಎಷ್ಟು ಗಂಟೆ ಬೇಕಾಗಬಹುದೆಂದು ಅದರಿಂದಲೇ ಅಂದಾಜು ಮಾಡುತ್ತಿದ್ದರು.

ನಿಮಗೆ ಬೇಕಾಗಿರುವುದು ಎರಡೇ ಸಂಗತಿ: ಪ್ರಬಂಧ ಮತ್ತು ಮಗಳು. ಆ ಎರಡರ ನಿವ್ವಳ ಹೊತ್ತನ್ನು ಮಾತ್ರ ಬರೆಯಿರಿ. ಪ್ರಬಂಧದ ಕಡತ ತೆರೆದಾಗ ಒಮ್ಮೆ, ಮುಚ್ಚಿದಾಗ ಒಮ್ಮೆ ಗಡಿಯಾರ ನೋಡಿ, ನಡುವೆ ಫೋನಿಗೆ ಎದ್ದದ್ದನ್ನು ಕಳೆಯಿರಿ. ರಾತ್ರಿ ಮಲಗುವ ಮುನ್ನ ನೆನಪಿನಿಂದ ಬರೆಯುವ ಅಭ್ಯಾಸವಿದ್ದರೆ ಅದನ್ನು ಬಿಡುವುದು ಒಳ್ಳೆಯದು. ಬೇಸರ ತಂದ ಕೆಲಸ ನೆನಪಿನಲ್ಲಿ ಹಿಗ್ಗುತ್ತದೆ, ಫೋನ್ ನೋಡಿದ ಹೊತ್ತು ಕುಗ್ಗುತ್ತದೆ.

ಮನೆಯೊಡತಿ_ಧಾರವಾಡ:
ಇಬ್ಬರೂ ಉಪಯುಕ್ತವಾದುದನ್ನೇ ಹೇಳಿದ್ದಾರೆ, ಆದರೆ ಒಂದು ಮುಖ್ಯ ಸಂಗತಿ ಎರಡು ಕ್ರಮಗಳಿಂದಲೂ ನುಣುಚಿಕೊಳ್ಳುತ್ತದೆ. ಗ್ಯಾಸ್ ಬುಕ್ ಮಾಡುವುದು, ಹಾಲಿನವರ ಲೆಕ್ಕ ಚುಕ್ತಾ ಮಾಡುವುದು, ಮಗುವಿನ ಶಾಲೆಯ ಗುಂಪಿಗೆ ಉತ್ತರಿಸುವುದು, ಅತ್ತೆಯವರ ಮಾತ್ರೆ ಮುಗಿದಿದೆಯೇ ಎಂದು ನೋಡುವುದು, ಇವು ಯಾವುವೂ 10 ನಿಮಿಷ ಹಿಡಿಯುವ ಕೆಲಸಗಳಲ್ಲ, ಹಾಗಾಗಿ ಸಮೀಕ್ಷೆಯ ಸಾಲಿನಲ್ಲೂ ಬರುವುದಿಲ್ಲ. ಆದರೂ ಪ್ರಬಂಧದ ಒಂದು ಪರಿಚ್ಛೇದದ ನಡುವೆ ಇಂಥ ನಾಲ್ಕು ಕೆಲಸ ಬಂದರೆ, ಆ ಪರಿಚ್ಛೇದವನ್ನು ಮತ್ತೆ ಮೊದಲಿನಿಂದ ಓದಬೇಕಾಗುತ್ತದೆ. ಆದ್ದರಿಂದ ನಿಮಿಷಗಳ ಜೊತೆಗೆ ಅಡಚಣೆಗಳನ್ನೂ ಎಣಿಸಿ. ಪ್ರತಿ ಬಾರಿ ಎದ್ದಾಗ ಅಂಚಿನಲ್ಲಿ ಒಂದು ಗೀಟು ಎಳೆದರೆ ಸಾಕು, ಕಾರಣ ಬರೆಯಬೇಕಾಗಿಲ್ಲ.

ನಮ್ಮ ಮನೆಯಲ್ಲಿ ಆ ಹಾಳೆಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೆವು, ನಾನೂ ನಮ್ಮ ಯಜಮಾನರೂ ಅದರಲ್ಲೇ ಬರೆಯುತ್ತಿದ್ದೆವು. ನನ್ನ ಕಡೆಯ ಗೀಟುಗಳು ಎಷ್ಟು ಒತ್ತಾಗಿವೆ ಎಂದು ಅವರೇ ನೋಡಿದ ಮೇಲೆ ಗ್ಯಾಸು, ಹಾಲು, ಔಷಧದ ಅಂಗಡಿ ಮೂರೂ ಅವರ ಪಾಲಿಗೆ ಹೋದವು, ಇಂದಿಗೂ ಹಾಗೆಯೇ ಇವೆ. ನಾನು ಬಾಯಿಮಾತಿನಲ್ಲಿ ಹೇಳಿದಾಗ ಆಗದಿದ್ದುದು ಆ ಹಾಳೆಯಿಂದ ಆಯಿತು. ಲೆಕ್ಕವನ್ನು ನೀವೊಬ್ಬರೇ ಗುಟ್ಟಾಗಿ ಬರೆದರೆ, ಕೊನೆಗೆ ನಿಮ್ಮ ನಿದ್ದೆಯಿಂದಲೇ ಹೊತ್ತು ಕಡಿಯುವ ಉಪಾಯ ಹುಡುಕುತ್ತೀರಿ. ದಯವಿಟ್ಟು ಹಾಗೆ ಮಾಡಬೇಡಿ.

ತುಂಗಾತೀರ:
ಮೂವರಿಗೂ ಧನ್ಯವಾದಗಳು. ಪ್ರಬಂಧಕ್ಕೆ ನಿವ್ವಳ ಹೊತ್ತು ಮತ್ತು ಗೀಟು, ಸಂಜೆಯ ಅಡುಗೆಯ ಹೊತ್ತಿಗೆ ಮಾತ್ರ ಎರಡು ಕಲಮು ಎಂದು ನಿಶ್ಚಯಿಸಿದ್ದೇನೆ. ವಿಭಾಗದ ಗುಂಪಿನ ಸಂದೇಶಗಳನ್ನು ರಾತ್ರಿ ಊಟದ ನಂತರ ಒಮ್ಮೆಲೇ ನೋಡುತ್ತೇನೆ ಎಂದು ಸಹೋದ್ಯೋಗಿಗಳಿಗೆ ಇಂದೇ ತಿಳಿಸಿದ್ದೇನೆ. ತುರ್ತಿದ್ದರೆ ಕರೆ ಮಾಡಲು ಹೇಳಿದ್ದೇನೆ. ಹಾಳೆಯನ್ನು ಮನೆಯವರು ದಿನವೂ ಬೈಕಿನ ಕೀಲಿ ತೂಗುಹಾಕುವ ಮೊಳೆಯ ಪಕ್ಕದಲ್ಲಿ ಅಂಟಿಸುತ್ತೇನೆ.