ಹಿರಿಯರ ಚೌಕ ಯಾರ ಕೆಳಗೆ?

ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ ಜಗಳ ಕಡಿಮೆ. ಬೆಳಗ್ಗೆ ಶುಭೋದಯದ ಹೂವು, ಯಾರದೋ ಹುಟ್ಟುಹಬ್ಬಕ್ಕೆ ಶುಭಾಶಯ, ಅಲ್ಲಿಗೆ ಮುಗಿಯಿತು. ಕಳೆದ ಶನಿವಾರ ಅಕ್ಕ ಒಂದು ಫೋಟೋ ಹಾಕಿದಳು. ಅವಳು ಅಮೆರಿಕದ ಒಂದು ಸಣ್ಣ ನಗರದ ಆಡಳಿತದಲ್ಲಿ ಕೌಂಟರ್ ಕೆಲಸ ಮಾಡುತ್ತಾಳೆ. ಫೋಟೋದಲ್ಲಿ ಅವಳ ಇಲಾಖೆಯ ಹೊಸ ಚಾರ್ಟು. ಮೇಲೆ ಒಂದು ಚೌಕ, ಅದು ನಿರ್ದೇಶಕರದ್ದು. ಕೆಳಗೆ ಮೂರು ಚೌಕ: ಮನರಂಜನೆ, ಸಂಸ್ಕೃತಿ, ಹಿರಿಯರ ಸೇವೆ. ಆಮೇಲೆ ಎರಡು ದಿನ ಗುಂಪಿಗೆ ನಿದ್ದೆ ಇಲ್ಲ. ಹೂವುಗಳನ್ನು ತೆಗೆದು, ಉಳಿದದ್ದನ್ನು ಇಲ್ಲಿ ಹಾಕುತ್ತಿದ್ದೇನೆ. ಎಲ್ಲರ ಒಪ್ಪಿಗೆ ಇದೆ. ದೊಡ್ಡಪ್ಪ ಮಾತ್ರ "ನನ್ನ ಕಾಗುಣಿತ ತಿದ್ದಿ ಹಾಕು" ಎಂದಿದ್ದಾರೆ, ತಿದ್ದಿದ್ದೇನೆ.

ಅಕ್ಕ: ನೋಡಿ, ಈಗ ನಾವೆಲ್ಲ ಒಂದೇ ಇಲಾಖೆ. ಈಜುಕೊಳ, ನಾಟಕದ ಹಾಲ್, ಹಿರಿಯರ ಕೇಂದ್ರ ಎಲ್ಲಕ್ಕೂ ಒಂದೇ ಕೌಂಟರ್, ಒಂದೇ ಫೋನ್ ನಂಬರ್. ಎಷ್ಟು ವರ್ಷದಿಂದ ಕೇಳುತ್ತಿದ್ದೆವು!

ದೊಡ್ಡಪ್ಪ: ನನಗೆ ಇದು ಸರಿ ಕಾಣುತ್ತಿಲ್ಲ ಕಣಮ್ಮ. ವಯಸ್ಸಾಗುವುದು ಮನರಂಜನೆಯೇ? ಈಜುಕೊಳದ ಪಕ್ಕ ನಮ್ಮನ್ನು ಕೂರಿಸಿದ್ದಾರೆ.

ಪುಟ್ಟ: ದೊಡ್ಡಪ್ಪ, ಈಜುಕೊಳದ ಪಕ್ಕ ಕೂರುವುದು ಒಳ್ಳೆಯದೇ ಅಲ್ವಾ?

ದೊಡ್ಡಪ್ಪ: ನೀನು ಸುಮ್ನಿರು.

ಅಕ್ಕ: ದೊಡ್ಡಪ್ಪ, ಹೆಸರು ನೋಡಿ ಹೇಳಬೇಡಿ. ನಮ್ಮಲ್ಲಿ ಮೂರು ತಿಂಗಳಿಗೊಂದು ಕಾರ್ಯಕ್ರಮಗಳ ಪುಸ್ತಕ ಬರುತ್ತದೆ. ಇಷ್ಟು ದಿನ ಮಕ್ಕಳ ಈಜು ಒಂದು ಪುಸ್ತಕದಲ್ಲಿ, ಚಿತ್ರಕಲೆ ಇನ್ನೊಂದರಲ್ಲಿ, ಹಿರಿಯರದ್ದು ಎರಡು ಹಾಳೆಯ ಝೆರಾಕ್ಸ್. ಬೆಳಗ್ಗೆ ಹತ್ತು ಗಂಟೆಗೆ ನಾಟಕದ ಹಾಲ್ ಖಾಲಿ ಬಿದ್ದಿರುತ್ತದೆ. ಅದೇ ಹೊತ್ತಿಗೆ ಹಿರಿಯರ ಹಾಡಿನ ತಂಡ ಜಾಗ ಇಲ್ಲ ಎಂದು ಊಟದ ಹಾಲಿನಲ್ಲಿ, ಕುರ್ಚಿ ಎಳೆಯುವ ಸದ್ದಿನ ನಡುವೆ ಹಾಡುತ್ತದೆ. ಹಾಲಿನ ಬೀಗದ ಕೈ ಬೇರೆ ಇಲಾಖೆಯಲ್ಲಿ ಇತ್ತು, ಅದೇ ಕಾರಣ.

ಚಿಕ್ಕಪ್ಪ: ಇದು ನ್ಯಾಯ. ಬೀಗದ ಕೈಗಾಗಿಯಾದರೂ ಸೇರಿಸಬೇಕು.

ಭಾವ: ದೊಡ್ಡ ನಗರಗಳಲ್ಲಿ ಸೇರಿಸಿಲ್ಲ. ನ್ಯೂಯಾರ್ಕ್‌ನಲ್ಲಿ ಉದ್ಯಾನ ಮತ್ತು ಮನರಂಜನೆ ಒಂದು ಇಲಾಖೆ, ಸಂಸ್ಕೃತಿ ಒಂದು, ಹಿರಿಯರದ್ದು ಇನ್ನೊಂದು. ಲಾಸ್ ಏಂಜಲೀಸ್‌ನಲ್ಲೂ ಹಾಗೆಯೇ. ಸಣ್ಣ ಊರಿಗೆ ಮೂರು ನಿರ್ದೇಶಕರ ಸಂಬಳ ಕೊಡಲು ಆಗುವುದಿಲ್ಲ, ಅದಕ್ಕೆ ಮೂರನ್ನೂ ಒಂದೇ ಕೊಡೆಯ ಕೆಳಗೆ ತಂದಿದ್ದಾರೆ. ಇದರಲ್ಲಿ ತತ್ವ ಏನೂ ಇಲ್ಲ, ದುಡ್ಡು ಅಷ್ಟೇ.

ಅಕ್ಕ: ಮನೆಯಲ್ಲಿ ಪಕ್ಕದ ಕೋಣೆಯಲ್ಲಿ ಕೂತು ನನ್ನ ವಿರುದ್ಧ ಟೈಪ್ ಮಾಡುತ್ತಿದ್ದಾರೆ, ನೋಡಿ.

ದೊಡ್ಡಪ್ಪ: ಅಳಿಯಂದಿರು ಸರಿಯಾಗಿ ಹೇಳಿದರು. ನಾನು ಹೇಳುವುದೂ ಅದೇ. ಹಿರಿಯರದ್ದು ಕಲ್ಯಾಣದ ಕೆಲಸ. ಔಷಧಿ, ಊಟ, ಆಸ್ಪತ್ರೆಗೆ ಹೋಗಲು ವಾಹನ. ನೃತ್ಯದ ಕ್ಲಾಸ್ ಆಮೇಲೆ.

(ದೊಡ್ಡಪ್ಪ ಮೂವತ್ತನಾಲ್ಕು ವರ್ಷ ಲೆಕ್ಕಪತ್ರ ವಿಭಾಗದಲ್ಲಿದ್ದವರು. ಯಾವ ಖರ್ಚು ಯಾವ ತಲೆಬರಹದ ಕೆಳಗೆ ಹೋಗಬೇಕು ಎನ್ನುವುದು ಅವರಿಗೆ ಧರ್ಮದ ಪ್ರಶ್ನೆ.)

ಅಕ್ಕ: ಕಲ್ಯಾಣ ಇಲಾಖೆಯ ಮೇಜಿನಲ್ಲಿ ಮೊದಲ ಪ್ರಶ್ನೆ "ನಿಮಗೆ ಏನು ತೊಂದರೆ?" ನನ್ನ ಕೌಂಟರಿನಲ್ಲಿ ಮೊದಲ ಪ್ರಶ್ನೆ "ನಿಮಗೆ ಏನು ಇಷ್ಟ?" ಎರಡನೆಯದಕ್ಕೆ ಉತ್ತರ ಕೊಡಲು ಯಾರಿಗೂ ನಾಚಿಕೆ ಆಗುವುದಿಲ್ಲ. ಇಸ್ಪೀಟು ಆಡಲು ಬರುತ್ತಾರೆ. ಮೂರನೇ ವಾರ ಮೆಲ್ಲಗೆ "ಬಾಡಿಗೆ ಕಟ್ಟಲು ಆಗುತ್ತಿಲ್ಲ, ಯಾರನ್ನು ಕೇಳಬೇಕು?" ಎನ್ನುತ್ತಾರೆ. ಮೊದಲ ದಿನವೇ ಅದನ್ನು ಕೇಳಿದ್ದರೆ ಬಾಗಿಲಿಗೇ ಬರುತ್ತಿರಲಿಲ್ಲ.

ಇದಕ್ಕೆ ಸ್ವಲ್ಪ ಹೊತ್ತು ಯಾರೂ ಏನೂ ಹೇಳಲಿಲ್ಲ. ನನಗೂ ಇದು ಒಳ್ಳೆಯ ಮಾತು ಅನಿಸಿತು. ಆದರೆ ನನ್ನ ಕೆಟ್ಟ ಚಾಳಿ, ಗುಂಪಿನಲ್ಲಿ ವಾದ ತಣ್ಣಗಾದರೆ ಏನಾದರೂ ಹುಡುಕಿ ಹಾಕುತ್ತೇನೆ. ಹಾಕಿದೆ.

ನಾನು: ಅಮೆರಿಕದ ಮೊದಲ ಹಿರಿಯರ ಕೇಂದ್ರ ಎಂದು ಹೇಳುವುದು 1943ರಲ್ಲಿ ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿ ಶುರುವಾದ ವಿಲಿಯಂ ಹಾಡ್ಸನ್ ಕೇಂದ್ರವನ್ನು. ಶುರು ಮಾಡಿದ್ದು ನಗರದ ಕಲ್ಯಾಣ ಇಲಾಖೆ.

ದೊಡ್ಡಪ್ಪ: ಕಲ್ಯಾಣ ಇಲಾಖೆ! ಎಲ್ಲರೂ ಓದಿದಿರಾ?

ನಾನು: ಪೂರ್ತಿ ಕೇಳಿ ದೊಡ್ಡಪ್ಪ. ಅಲ್ಲಿನ ಸಿಬ್ಬಂದಿಗೆ ಕಂಡದ್ದು ಏನೆಂದರೆ, ನೆರವಿಗೆ ಬರುವ ವಯಸ್ಸಾದವರಿಗೆ ದುಡ್ಡಿನಷ್ಟೇ ಬೇಕಾಗಿದ್ದದ್ದು ಜೊತೆ. ಅದಕ್ಕೇ ಸೇರಲು, ಮಾತಾಡಲು, ಆಡಲು ಒಂದು ಜಾಗ ಮಾಡಿದರು.

ಅಕ್ಕ: ಆಡಲು! ಎಲ್ಲರೂ ಓದಿದಿರಾ?

ಅದೇ ಒಂದು ಉದಾಹರಣೆಯಿಂದ ಇಬ್ಬರೂ ಗೆದ್ದರು. ಹುಡುಕಿ ಹಾಕಿದ ನನಗೆ ಯಾರೂ ಒಂದು ಹೆಬ್ಬೆರಳೂ ಕೊಡಲಿಲ್ಲ.

ಭಾವ: ಫಿನ್‌ಲೆಂಡಿನ ಹೆಲ್ಸಿಂಕಿ ನೋಡಿ. 2017ರಲ್ಲಿ ನಗರದ ಹಳೆಯ ಇಲಾಖೆಗಳನ್ನೆಲ್ಲ ಒಡೆದು ನಾಲ್ಕು ದೊಡ್ಡ ವಿಭಾಗ ಮಾಡಿದರು. ಗ್ರಂಥಾಲಯ, ಕ್ರೀಡೆ, ಯುವಕರ ಸೇವೆ, ಸಂಸ್ಕೃತಿ ಎಲ್ಲ ಒಂದೇ ವಿಭಾಗಕ್ಕೆ ಬಂತು. ಹಿರಿಯರ ಸೇವೆ ಮಾತ್ರ ಆರೋಗ್ಯ ಮತ್ತು ಸಾಮಾಜಿಕ ವಿಭಾಗದಲ್ಲಿ. ದೊಡ್ಡ ಮಾವ ಹೇಳಿದ ಹಾಗೇ.

ಪುಟ್ಟ: ಆದರೆ 2018ರಲ್ಲಿ ತೆರೆದ ಅವರ ಊಡಿ ಗ್ರಂಥಾಲಯಕ್ಕೆ ಅಜ್ಜ ಅಜ್ಜಿಯರೂ ಹೋಗಬಹುದು ಭಾವ. ಹೊಲಿಗೆ ಮಿಷನ್ ಇದೆ, ಮೂರು ಆಯಾಮದ ಪ್ರಿಂಟರ್ ಇದೆ. ಬಾಗಿಲಲ್ಲಿ ಯಾರೂ ವಯಸ್ಸು ಕೇಳುವುದಿಲ್ಲ.

ಪುಟ್ಟ: ಕೊಲಂಬಿಯಾದ ಬೊಗೋಟಾ ಕೂಡ. 1974ರಿಂದ ಭಾನುವಾರ ದೊಡ್ಡ ರಸ್ತೆಗಳನ್ನು ಕಾರಿಗೆ ಮುಚ್ಚಿ ಜನರಿಗೆ ಬಿಡುತ್ತಾರೆ. ನೂರು ಕಿಲೋಮೀಟರಿಗೂ ಜಾಸ್ತಿ ರಸ್ತೆ. ಸೈಕಲ್, ನಡಿಗೆ, ಬಿಟ್ಟಿ ವ್ಯಾಯಾಮದ ಕ್ಲಾಸು. ನಗರದ ಮನರಂಜನೆ ಮತ್ತು ಕ್ರೀಡೆಯ ಸಂಸ್ಥೆ ನಡೆಸುವುದು. ಚಾರ್ಟಿನಲ್ಲಿ ಹಿರಿಯರ ಚೌಕವೇ ಬೇಡ, ರಸ್ತೆ ಕೊಟ್ಟರೆ ಸಾಕು.

ದೊಡ್ಡಪ್ಪ: ರಸ್ತೆಯವರೆಗೆ ನಡೆಯಲು ಆಗದವರು?

ಪುಟ್ಟನಿಂದ ಆ ದಿನ ಉತ್ತರ ಬರಲಿಲ್ಲ.

ಇಷ್ಟರಲ್ಲಿ ಅತ್ತೆ ಬಂದರು. ಅತ್ತೆ ಗುಂಪಿನಲ್ಲಿ ತಿಂಗಳಿಗೆ ಎರಡು ಸಲ ಬರೆದರೆ ಹೆಚ್ಚು. ಬರೆದರೆ ಮಾತ್ರ ಎಲ್ಲರೂ ಓದುತ್ತಾರೆ.

ಅತ್ತೆ: ಯಾವ ಇಲಾಖೆಗಾದರೂ ಹಾಕಿಕೊಳ್ಳಿ. ಬೋರ್ಡಿನ ಮೇಲೆ "ಹಿರಿಯರ ಕೇಂದ್ರ" ಎಂದು ಬರೆದಿದ್ದರೆ ನಾನು ಒಳಗೆ ಕಾಲಿಡುವುದಿಲ್ಲ.

ಚಿಕ್ಕಪ್ಪ: ಅಕ್ಕಾ, ನಿನಗೆ ಅರವತ್ತೆಂಟು.

ಅತ್ತೆ: ಅದಕ್ಕೇ ಹೇಳಿದ್ದು. ಅಲ್ಲಿ ಮುದುಕರು ಇರುತ್ತಾರೆ.

ಅಕ್ಕ: ಅತ್ತೆ ತಮಾಷೆಗೆ ಹೇಳಿದ್ದಲ್ಲ, ನನಗೆ ದಿನಾ ಕೇಳುವ ಮಾತು ಇದು! ನಮ್ಮಲ್ಲಿ 80 ದಾಟಿದವರೂ ಹೀಗೇ ಹೇಳುತ್ತಾರೆ. ನ್ಯೂಯಾರ್ಕ್‌ನಲ್ಲಿ "ಸೀನಿಯರ್ ಸೆಂಟರ್" ಎನ್ನುವುದನ್ನೇ ಬಿಟ್ಟು "ಓಲ್ಡರ್ ಅಡಲ್ಟ್ ಸೆಂಟರ್" ಎಂದು ಮಾಡಿಕೊಂಡಿದ್ದಾರೆ.

ಅತ್ತೆ: ಅದರಲ್ಲೂ "ಓಲ್ಡ್" ಇದೆಯಲ್ಲೇ.

ಭಾನುವಾರ ಬೆಳಗ್ಗೆ ವಾದ ದುಡ್ಡಿನ ಕಡೆ ತಿರುಗಿತು. ನನ್ನ ಪ್ರಕಾರ ನಿಜವಾದ ಚರ್ಚೆ ಇಲ್ಲಿಂದ ಶುರು. ಚೌಕಗಳ ಬಗ್ಗೆ ಯಾರು ಏನು ಬೇಕಾದರೂ ಹೇಳಬಹುದು, ಲೆಕ್ಕದ ಪುಟದ ಮುಂದೆ ಹಾಗೆ ಆಗುವುದಿಲ್ಲ.

ದೊಡ್ಡಪ್ಪ: ರಾತ್ರಿ ಯೋಚನೆ ಮಾಡಿದೆ. ಮಗಳೇ, ನಿಮ್ಮ ಹಿರಿಯರ ಕೇಂದ್ರಕ್ಕೆ ದುಡ್ಡು ಎಲ್ಲಿಂದ ಬರುತ್ತದೆ? ಒಂದೇ ಕಡೆಯಿಂದಲೋ, ಬೇರೆ ಬೇರೆಯೋ?

ಅಕ್ಕ: ಬೇರೆ ಬೇರೆ ದೊಡ್ಡಪ್ಪ. ಕಟ್ಟಡ, ನಮ್ಮ ಸಂಬಳ ನಗರದ ಸಾಮಾನ್ಯ ನಿಧಿಯಿಂದ. ಕ್ಲಾಸುಗಳಿಗೆ ಸೇರುವವರು ಶುಲ್ಕ ಕಟ್ಟುತ್ತಾರೆ. ಮಧ್ಯಾಹ್ನದ ಊಟಕ್ಕೆ ಕೇಂದ್ರ ಸರ್ಕಾರದ ದುಡ್ಡು. 1965ರಲ್ಲಿ ಹಿರಿಯ ಅಮೆರಿಕನ್ನರ ಕಾಯ್ದೆ ಬಂತು, ಅದರ ಕೆಳಗೆ. ಅಲ್ಲಿಂದ ರಾಜ್ಯಕ್ಕೆ, ರಾಜ್ಯದಿಂದ ಪ್ರದೇಶದ ಹಿರಿಯರ ಸಂಸ್ಥೆಗೆ, ಅಲ್ಲಿಂದ ನಮ್ಮ ಅಡುಗೆಮನೆಗೆ. ಅರವತ್ತು ದಾಟಿದವರಿಗೆ ಊಟ. ಆದಾಯ ಎಷ್ಟು ಎಂದು ನೋಡಿ ಹೊರಗಿಡುವಂತಿಲ್ಲ. ಡಬ್ಬಿ ಇಟ್ಟಿರುತ್ತೇವೆ, ಮನಸ್ಸಿದ್ದರೆ ಹಾಕಬಹುದು. ಹಾಕದವರಿಗೂ ತಟ್ಟೆ ಇದ್ದೇ ಇದೆ.

ದೊಡ್ಡಪ್ಪ: ಅದು ಚೆನ್ನಾಗಿದೆ. ಈಗ ನೃತ್ಯದ ಕ್ಲಾಸ್. ಖರ್ಚಿನಲ್ಲಿ ಎಷ್ಟು ಭಾಗ ಶುಲ್ಕದಿಂದ ವಾಪಸ್ ಬರಬೇಕು ಎಂದು ಗುರಿ ಇದೆಯೇ?

ಅಕ್ಕ: ಇದೆ. ವಯಸ್ಕರ ಕ್ಲಾಸುಗಳಿಂದ ಜಾಸ್ತಿ ಬರಬೇಕು. ಮಕ್ಕಳದ್ದು, ಹಿರಿಯರದ್ದು ಕಡಿಮೆ ಬಂದರೂ ನಡೆಯುತ್ತದೆ. ಊರಿನವರಿಗೆ ಒಂದು ದರ, ಹೊರಗಿನವರಿಗೆ ಸ್ವಲ್ಪ ಹೆಚ್ಚು. ಕಟ್ಟಲು ಆಗದವರಿಗೆ ರಿಯಾಯಿತಿ.

ದೊಡ್ಡಪ್ಪ: ಮನೆಯಿಂದ ಹೊರಗೆ ಬರಲಾಗದವರನ್ನು ನೋಡಲು ಯಾರಾದರೂ ಹೋಗುತ್ತಾರಾ?

ಅಕ್ಕ: ಒಬ್ಬರು ಸಮಾಜ ಕಾರ್ಯಕರ್ತೆ ಇದ್ದಾರೆ. ವಾರಕ್ಕೆ ಮೂರು ದಿನ ಮನೆ ಭೇಟಿ.

ದೊಡ್ಡಪ್ಪ: ಅವರಿಂದ ವಾಪಸ್ ಬರುವ ಶುಲ್ಕ ಎಷ್ಟು?

ಅಕ್ಕ: ಸೊನ್ನೆ. ಭೇಟಿಗೆ ಯಾರಾದರೂ ಶುಲ್ಕ ತೆಗೆದುಕೊಳ್ಳುತ್ತಾರಾ?

ದೊಡ್ಡಪ್ಪ: ಹಾಂ. ಇಲ್ಲಿಯವರೆಗೆ ಆ ಸೊನ್ನೆ ಬೇರೆ ಪುಟದಲ್ಲಿ ಇತ್ತು. ಅಲ್ಲಿ ಎಲ್ಲ ಸಾಲಿನ ಮುಂದೆಯೂ ಸೊನ್ನೆ, ಯಾರೂ ಕೇಳುವುದಿಲ್ಲ. ಈಗ ಅದನ್ನು ಈಜು, ನೃತ್ಯ, ಚಿತ್ರಕಲೆಯ ಜೊತೆ ಒಂದೇ ಪುಟಕ್ಕೆ ತಂದಿದ್ದೀರಿ. ಕಷ್ಟದ ವರ್ಷ ಬಂದಾಗ ಹೊಸ ನಿರ್ದೇಶಕರು ಪುಟದ ಮೇಲೆ ಬೆರಳು ಓಡಿಸುತ್ತಾರೆ. ಬೆರಳು ಎಲ್ಲಿ ನಿಲ್ಲುತ್ತದೆ ಹೇಳು.

ಅಕ್ಕ ಟೈಪ್ ಮಾಡುತ್ತಿರುವುದು ಕಾಣಿಸುತ್ತಿತ್ತು. ನಿಂತಿತು. ಮತ್ತೆ ಶುರುವಾಯಿತು. ಮತ್ತೆ ನಿಂತಿತು.

ಚಿಕ್ಕಪ್ಪ: ಅಣ್ಣ ಆಡಿಟ್ ಶುರು ಮಾಡಿದ.

ಅಕ್ಕ: ನೀವು ಹೇಳಿದ್ದು ಕೆಲವರು ನಮ್ಮಲ್ಲೂ ಕೇಳಿದ್ದಾರೆ. ಆದರೆ ಬೇರೆ ಇಲಾಖೆ ಆಗಿದ್ದರೆ ಉಳಿಯುತ್ತಿತ್ತು ಅಂತಲೂ ಇಲ್ಲ ದೊಡ್ಡಪ್ಪ. ಸಣ್ಣ ಇಲಾಖೆ, ಮುಚ್ಚಿದರೆ ಗಲಾಟೆ ಮಾಡುವವರು ಕಡಿಮೆ. ಈಗ ಈಜುಕೊಳದ ಅಪ್ಪ ಅಮ್ಮಂದಿರೂ ಅದೇ ಸಭೆಗೆ ಬರುತ್ತಾರೆ.

ದೊಡ್ಡಪ್ಪ: ಬರುತ್ತಾರೆ. ಈಜುಕೊಳದ ಬಗ್ಗೆ ಮಾತಾಡಿ ಹೋಗುತ್ತಾರೆ. ಇನ್ನೊಂದು ಕೇಳುತ್ತೇನೆ. ವರ್ಷದ ವರದಿಯಲ್ಲಿ ಏನನ್ನು ಎಣಿಸುತ್ತೀರಿ?

ಅಕ್ಕ: ಎಷ್ಟು ಜನ ಬಂದರು ಎಂದು. ಬಾಗಿಲಲ್ಲಿ ಕಾರ್ಡ್ ಉಜ್ಜುತ್ತಾರೆ.

ದೊಡ್ಡಪ್ಪ: ಒಬ್ಬರೇ ನೂರು ಸಲ ಬಂದರೆ?

ಅಕ್ಕ: ನೂರು ಭೇಟಿ. ಬೇರೆ ಬೇರೆ ಜನ ಎಷ್ಟು ಎನ್ನುವ ಲೆಕ್ಕವೂ ಇದೆ, ಆದರೆ ಪುಟದ ಮೇಲ್ಗಡೆ ಬರುವುದು ದೊಡ್ಡ ಸಂಖ್ಯೆಯೇ.

ದೊಡ್ಡಪ್ಪ: ಬಾರದವರನ್ನು ಎಣಿಸುವ ಕಾರ್ಡ್ ಇಲ್ಲ, ಅಲ್ವಾ? ಮನರಂಜನೆಯ ಇಲಾಖೆ ಬಂದವರ ಇಲಾಖೆ. ಅದು ಅವರ ತಪ್ಪಲ್ಲ, ಅವರ ಕೆಲಸವೇ ಅದು. ಹಿರಿಯರ ಸೇವೆಯಲ್ಲಿ ಅರ್ಧ ಕೆಲಸ ಬಾರದವರದ್ದು.

ಇಲ್ಲಿ ನಾನು ಪಕ್ಷ ಬದಲಿಸಿದೆ. ಅದುವರೆಗೆ ಅಕ್ಕನ ಕಡೆ ಇದ್ದೆ.

ನಾನು: ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹಿರಿಯರಿಗೆ ಹೊಂದುವ ನಗರ ಹೇಗಿರಬೇಕು ಎಂದು ಕೈಪಿಡಿ ಮಾಡಿತು. 33 ನಗರಗಳಲ್ಲಿ ವಯಸ್ಸಾದವರನ್ನೇ ಕೂರಿಸಿ ಕೇಳಿದರು. ಬಂದದ್ದು ಎಂಟು ವಿಷಯ. ಜನರ ಜೊತೆ ಸೇರುವುದು ಒಂದು. ಆರೋಗ್ಯ ಮತ್ತು ನೆರವು ಬೇರೆಯೇ ಒಂದು. ಉಳಿದದ್ದರಲ್ಲಿ ಮನೆ, ಬಸ್ಸು, ಹೊರಗಿನ ಜಾಗ, ಮಾಹಿತಿ, ಗೌರವ, ಕೆಲಸ ಎಲ್ಲ ಇವೆ. ಅಕ್ಕನ ಚೌಕ ಒಂದಕ್ಕೆ ಚೆನ್ನಾಗಿ ಹೊಂದುತ್ತದೆ. ಇನ್ನೊಂದನ್ನು ಅದರೊಳಗೆ ತುರುಕಿದ್ದಾರೆ.

ಅತ್ತೆ: ಹೊರಗಿನ ಜಾಗ ಅಂದರೆ ಏನು?

ನಾನು: ಕೂರಲು ಬೆಂಚು, ಪಾದಚಾರಿ ದಾರಿ, ಶೌಚಾಲಯ.

ಅತ್ತೆ: ಅದನ್ನು ಮೊದಲು ಹೇಳಬೇಕಿತ್ತು. ನಿಮ್ಮ ಚಾರ್ಟಿನಲ್ಲಿ ಶೌಚಾಲಯ ಯಾರ ಚೌಕದಲ್ಲಿದೆ?

ಅಕ್ಕ: ಅದು ಲೋಕೋಪಯೋಗಿ ಇಲಾಖೆ ಅತ್ತೆ, ಬೇರೆ ಚಾರ್ಟು.

ಅತ್ತೆ: ಸರಿ ಹೋಯಿತು.

(ಸಂಸ್ಕೃತಿಯ ಚೌಕದ ಬಗ್ಗೆ ಯಾರೂ ಜಗಳ ಮಾಡಲಿಲ್ಲ. ಭಾವ ಒಬ್ಬರೇ, ಫಿಲಡೆಲ್ಫಿಯಾ ನಗರ 1959ರಲ್ಲೇ ಕಟ್ಟಡದ ಖರ್ಚಿನಲ್ಲಿ ಶೇಕಡಾ ಒಂದನ್ನು ಕಲೆಗೆ ಎತ್ತಿಡುವ ನಿಯಮ ಮಾಡಿತ್ತು ಎಂದು ಹಾಕಿದರು. ಯಾರೂ ಉತ್ತರಿಸಲಿಲ್ಲ. ಪಾಪ.)

ಮಧ್ಯಾಹ್ನದ ಮೇಲೆ ಅಕ್ಕ ಉದ್ದನೆಯ ಸಂದೇಶ ಹಾಕಿದಳು. ಸೋತವಳ ಧಾಟಿ ಇರಲಿಲ್ಲ. ಆದರೆ ಎಲ್ಲೋ ಲೆಕ್ಕ ಹಾಕುತ್ತಿದ್ದ ಹಾಗಿತ್ತು.

ಅಕ್ಕ: ದೊಡ್ಡಪ್ಪ, ಬಾರದವರನ್ನು ನಾವು ಪೂರ್ತಿ ಬಿಟ್ಟಿಲ್ಲ. ಮನೆಗೆ ಊಟ ಕೊಡುವ ಸ್ವಯಂಸೇವಕರು ಇದ್ದಾರೆ. ಅಮೆರಿಕದಲ್ಲಿ 1954ರಲ್ಲಿ ಫಿಲಡೆಲ್ಫಿಯಾದಲ್ಲಿ ಶುರುವಾದ ಪದ್ಧತಿ ಅದು. ನಿನ್ನೆಯ ಡಬ್ಬಿ ಬಾಗಿಲಲ್ಲೇ ಉಳಿದಿದ್ದರೆ ಅವರು ತಕ್ಷಣ ಫೋನ್ ಮಾಡುತ್ತಾರೆ. ಆ ಫೋನ್ ನನ್ನ ಕೌಂಟರಿಗೇ ಬರುವುದು. ಈಜು ಕ್ಲಾಸಿಗೆ ಹೆಸರು ಬರೆಸುವವರು ಸಾಲಿನಲ್ಲಿ ನಿಂತಿರುವಾಗ ಬರುತ್ತದೆ. ಹೋದ ತಿಂಗಳು ಒಂದು ಬಂತು. ನಾನು "ಒಂದು ನಿಮಿಷ ಕಾಯಿರಿ" ಎಂದೆ. ಮೂರು ನಿಮಿಷ ಆಯಿತು. ಆ ಅಜ್ಜಿ ಮಗಳ ಮನೆಗೆ ಹೋಗಿದ್ದರು, ಏನೂ ಆಗಿರಲಿಲ್ಲ. ಒಂದೇ ನಂಬರ್ ಮಾಡಿ ಎಂದು ಕೇಳಿದವರಲ್ಲಿ ನಾನೂ ಒಬ್ಬಳು.

ಪುಟ್ಟ: ಅಕ್ಕ, ಮೂರು ನಿಮಿಷಕ್ಕೆ ಏನೂ ಆಗುವುದಿಲ್ಲ.

ಅಕ್ಕ: ಗೊತ್ತು.

ದೊಡ್ಡಪ್ಪ: ಮಗಳೇ, ಇಲಾಖೆ ಒಂದೇ ಇರಲಿ. ಹಾಲಿನ ಬೀಗದ ಕೈಯೂ ನಿಮ್ಮ ಹತ್ತಿರವೇ ಇರಲಿ, ಆ ಮಾತು ಒಪ್ಪಿದೆ. ಆದರೆ ಫೋನ್ ಎರಡು ಮಾಡಿ. ಮನೆ ಭೇಟಿಯ ಸಾಲನ್ನು ಶುಲ್ಕದ ಪುಟದಿಂದ ತೆಗೆದು ಬೇರೆ ಪುಟಕ್ಕೆ ಹಾಕಿಸು. ಅಲ್ಲಿ ಹಿರಿಯರ ಸಲಹಾ ಸಮಿತಿ ಇದೆಯಲ್ಲ, ಅವರಿಗೆ ಹೇಳು. ಅವರು ಊರಿನವರು, ಅವರಿಂದ ಮಾತು ಬಂದರೆ ತೂಕ ಜಾಸ್ತಿ.

ಭಾವ: ದೊಡ್ಡ ಮಾವ, ಕೆಲಸಕ್ಕೆ ಅರ್ಜಿ ಹಾಕಿ.

ದೊಡ್ಡಪ್ಪ: ಹೇಗೆ ಇರಬೇಕು ಎಂದು ಬರೆದು ಕಳಿಸುತ್ತೇನೆ. ತಡೆಯಿರಿ.

ಒಂದು ಗಂಟೆ ಬಿಟ್ಟು ಫೋಟೋ ಬಂತು. ಗೀಟು ಹಾಕಿದ ಹಾಳೆಯಲ್ಲಿ, ಸ್ಕೇಲ್ ಇಟ್ಟು, ಎರಡು ಬಣ್ಣದ ಪೆನ್ನಿನಲ್ಲಿ ಹೊಸ ಚಾರ್ಟು. ನಿರ್ದೇಶಕರ ಚೌಕ ಚಿಕ್ಕದು. ಮನರಂಜನೆ, ಸಂಸ್ಕೃತಿ ಪಕ್ಕಪಕ್ಕ. ಹಿರಿಯರ ಚೌಕವನ್ನು ಎರಡು ಮಾಡಿ ಒಂದರಲ್ಲಿ "ಬರುವವರು", ಇನ್ನೊಂದರಲ್ಲಿ "ಬಾರದವರು" ಎಂದು ಬರೆದಿದ್ದರು. ಎರಡನೆಯದರ ಕೆಳಗೆ ಕೆಂಪು ಶಾಯಿಯಲ್ಲಿ "ಪ್ರತ್ಯೇಕ ದೂರವಾಣಿ".

ಅಕ್ಕ: ದೊಡ್ಡಪ್ಪ, ಇದನ್ನು ಇಂಗ್ಲಿಷಿನಲ್ಲಿ ಬರೆದು ಸಮಿತಿಗೆ ಕೊಡಲೇ? ನಿಜವಾಗಿ ಕೇಳುತ್ತಿದ್ದೇನೆ.

ದೊಡ್ಡಪ್ಪ: ಕೊಡು. ನನ್ನ ಹೆಸರು ಬೇಡ.

ಅತ್ತೆ: ಅಣ್ಣಾ, ಫೋಟೋ ತಲೆಕೆಳಗಾಗಿ ಬಂದಿದೆ. ಶೌಚಾಲಯ ಎಲ್ಲಿ ಹಾಕಿದ್ದೀಯಾ?