ವಿಟಮಿನ್ ಸಿ ತಗೊಂಡರೆ ಹಾರ್ಟ್ ಬ್ಲಾಕ್ ಕರಗುತ್ತಾ?

ಪ್ರಶ್ನೆ: ನಮಸ್ತೆ ಡಾಕ್ಟ್ರೇ. ಅಪ್ಪನಿಗೆ 64 ವರ್ಷ, ಹೋದ ವರ್ಷ ಸ್ಟೆಂಟ್ ಹಾಕಿದ್ದಾರೆ. ಕೊಲೆಸ್ಟರಾಲ್ ಇಳಿಸೋ ಸ್ಟ್ಯಾಟಿನ್, ರಕ್ತ ತೆಳು ಮಾಡೋ ಮಾತ್ರೆ ನಡೀತಿದೆ. ಈಗ ಯಾರೋ ಒಂದು ವಿಡಿಯೊ ಕಳಿಸಿದ್ದಾರೆ: ಹೃದ್ರೋಗ ಅಂದ್ರೆ ವಿಟಮಿನ್ ಸಿ ಕೊರತೆ ಅಷ್ಟೇ, ದಿನಕ್ಕೆ 6 ಗ್ರಾಂ ಸಿ ಜೊತೆ ಲೈಸಿನ್ ಅನ್ನೋ ಅಮೈನೊ ಆಮ್ಲ ತಗೊಂಡ್ರೆ ಬ್ಲಾಕ್ ಕರಗುತ್ತೆ, ಎರಡು ನೊಬೆಲ್ ಪಡೆದವರೇ ಹೇಳಿದ್ದು ಅಂತ. ಸ್ಟ್ಯಾಟಿನ್ ಬಿಡ್ತೀನಿ ಅಂತ ಹಟ ಹಿಡಿದಿದ್ದಾರೆ.

ಉತ್ತರ (ಹೃದ್ರೋಗ ತಜ್ಞೆ): ಎರಡೂ ಮಾತ್ರೆ ತಾವಾಗಿ ನಿಲ್ಲಿಸೋದು ಬೇಡ ಅನ್ನಿ. ಅದರಲ್ಲೂ ರಕ್ತ ತೆಳು ಮಾಡೋದನ್ನು ಬಿಟ್ಟರೆ ಸ್ಟೆಂಟ್ ಒಳಗೇ ರಕ್ತ ಹೆಪ್ಪುಗಟ್ಟಬಹುದು.

ವಿಡಿಯೊದಲ್ಲಿ ಹೇಳಿರೋದು ಲೈನಸ್ ಪೌಲಿಂಗ್ ಬಗ್ಗೆ. ನೊಬೆಲ್ ನಿಜ: 1954ರಲ್ಲಿ ರಸಾಯನಶಾಸ್ತ್ರಕ್ಕೆ, 1962ರದ್ದು ಶಾಂತಿಗೆ. ಹೃದಯಕ್ಕಲ್ಲ! 1990ರ ಸುಮಾರಿಗೆ ಮಥಿಯಾಸ್ ರಾಥ್ ಜೊತೆ ಸೇರಿ ಅವರು ಮಂಡಿಸಿದ ವಾದ ಹೀಗಿತ್ತು. ಹೆಚ್ಚಿನ ಪ್ರಾಣಿಗಳು ವಿಟಮಿನ್ ಸಿ ತಾವೇ ತಯಾರಿಸಿಕೊಳ್ತವೆ. ಮನುಷ್ಯ, ಗಿನಿಪಿಗ್‌ಗಳಿಗೆ ಆಗಲ್ಲ. ಸಿ ಕಡಿಮೆಯಾದರೆ ಕೊಲಾಜನ್ ಅನ್ನೋ ಪ್ರೋಟೀನ್ ಸರಿಯಾಗಿ ಆಗದೆ ರಕ್ತನಾಳದ ಗೋಡೆ ದುರ್ಬಲವಾಗುತ್ತೆ, ಆಗ ಲಿಪೊಪ್ರೋಟೀನ್-ಎ ಅನ್ನೋ ಕೊಬ್ಬಿನ ಕಣ ಬಿರುಕಿಗೆ ಗಾರೆ ಮೆತ್ತಿದ ಹಾಗೆ ಅಲ್ಲಿ ಕೂರುತ್ತೆ. ದಡ್ಡ ವಾದವೇನಲ್ಲ. ಸಿ ಇಲ್ಲದ ಆಹಾರ ಕೊಟ್ಟ ಗಿನಿಪಿಗ್‌ಗಳ ರಕ್ತನಾಳ ಕೆಟ್ಟದ್ದೂ ನಿಜ.

ಆದರೆ ಜನರ ಮೇಲೆ ಪರೀಕ್ಷೆ ಮಾಡಿದಾಗ ಕೈಕೊಟ್ಟಿತು. ಅಮೆರಿಕದಲ್ಲಿ 50 ದಾಟಿದ 14,641 ಗಂಡಸು ವೈದ್ಯರನ್ನೇ ಆರಿಸಿಕೊಂಡು, ಕೆಲವರಿಗೆ ದಿನಕ್ಕೆ 500 ಮಿಲಿಗ್ರಾಂ ಸಿ, ಕೆಲವರಿಗೆ ಔಷಧಿಯೇ ಇಲ್ಲದ ಹುಸಿ ಮಾತ್ರೆ ಕೊಟ್ಟು ಸರಾಸರಿ 8 ವರ್ಷ ನೋಡಿದರು. 2008ರಲ್ಲಿ ಫಲಿತಾಂಶ ಬಂತು: ಹಾರ್ಟ್ ಅಟ್ಯಾಕ್, ಸ್ಟ್ರೋಕ್, ಸಾವು, ಯಾವುದರಲ್ಲೂ ವ್ಯತ್ಯಾಸ ಇಲ್ಲ. ಹೃದ್ರೋಗದ ಅಪಾಯ ಹೆಚ್ಚಿದ್ದ 8,171 ಹೆಂಗಸರ ಮೇಲಿನ ಇನ್ನೊಂದು ಅಧ್ಯಯನದಲ್ಲೂ ಅದೇ ಕಥೆ.

ಇನ್ನೊಬ್ಬ ಸದಸ್ಯರು: ಮೇಡಂ, ರಕ್ತದಲ್ಲಿ ಸಿ ಜಾಸ್ತಿ ಇದ್ದವರಿಗೆ ಹೃದ್ರೋಗ ಕಡಿಮೆ ಅಂತ ಓದಿದ್ದೆ. ಮತ್ತೆ 500 ಮಿಲಿಗ್ರಾಂ ಎಲ್ಲಿ, 6 ಗ್ರಾಂ ಎಲ್ಲಿ? ಡೋಸೇ ಸಾಲಲಿಲ್ಲವೇನೋ.

ಉತ್ತರ: ಓದಿದ್ದು ಸರಿ. ಇಂಗ್ಲೆಂಡಿನ ನಾರ್ಫೋಕ್‌ನಲ್ಲಿ ಸುಮಾರು 19,500 ಜನರ ರಕ್ತ ನೋಡಿ 2001ರಲ್ಲಿ ಅದನ್ನೇ ವರದಿ ಮಾಡಿದರು. ಆದರೆ ರಕ್ತದಲ್ಲಿ ಸಿ ಚೆನ್ನಾಗಿರೋದು ಸಾಮಾನ್ಯವಾಗಿ ಹಣ್ಣು ತರಕಾರಿ ತಿನ್ನೋರಿಗೆ, ಸಿಗರೇಟು ಸೇದದವರಿಗೆ. ಶ್ರೇಯಸ್ಸು ಆ ಬದುಕಿನದ್ದು ಇರಬಹುದು. ಮಾತ್ರೆ ಕೊಟ್ಟು ನೋಡಿದಾಗ ಲಾಭ ಕಾಣದೆ ಹೋಗಿದ್ದು ಅದಕ್ಕೇ ಅನ್ನೋದು ನನ್ನ ಅಭಿಪ್ರಾಯ.

ಡೋಸ್ ಪ್ರಶ್ನೆ ಒಳ್ಳೇದು. ದಿನಕ್ಕೆ 200ರಿಂದ 400 ಮಿಲಿಗ್ರಾಂ ಹೊತ್ತಿಗೇ ರಕ್ತದಲ್ಲಿ ಸಿ ಹೆಚ್ಚುಕಡಿಮೆ ತುಂಬಿರುತ್ತೆ. 1 ಗ್ರಾಂ ದಾಟಿದರೆ ಕರುಳು ಅರ್ಧವನ್ನೂ ಹೀರಿಕೊಳ್ಳಲ್ಲ, ಹೀರಿದ್ದರಲ್ಲೂ ಹೆಚ್ಚಿನದು ಮೂತ್ರಕ್ಕೆ. 6 ಗ್ರಾಂ ನುಂಗಿದರೆ ರಕ್ತದಲ್ಲಿ 12 ಪಟ್ಟು ಏರಲ್ಲ. 6 ಗ್ರಾಂ ಜೊತೆ ಲೈಸಿನ್ ಕೊಟ್ಟು ಹಾರ್ಟ್ ಅಟ್ಯಾಕ್ ಕಡಿಮೆಯಾಯ್ತು ಅಂತ ತೋರಿಸಿದ ದೊಡ್ಡ ಪರೀಕ್ಷೆ ಒಂದೂ ಇಲ್ಲ. ಬ್ಲಾಕ್ ಕರಗುತ್ತೆ ಅಂತ ವಿಡಿಯೊದವರು ಯಾವ ಧೈರ್ಯದ ಮೇಲೆ ಹೇಳ್ತಾರೋ!

ಪ್ರಶ್ನೆ ಕೇಳಿದವರು: ಥ್ಯಾಂಕ್ಸ್ ಮೇಡಂ. ಸ್ಟ್ಯಾಟಿನ್ ಬಿಡದೆ ಜೊತೆಗೆ ತಗೊಂಡರೆ? ಅಪ್ಪನಿಗೆ ಹಿಂದೆ ಕಿಡ್ನಿ ಕಲ್ಲು ಆಗಿತ್ತು, ಶುಗರ್ ಕೂಡ ಇದೆ.

ಉತ್ತರ: ಹಾಗಿದ್ದರೆ ಖಂಡಿತ ಬೇಡ. ಹೆಚ್ಚಾದ ಸಿ ದೇಹದಲ್ಲಿ ಸ್ವಲ್ಪ ಆಕ್ಸಲೇಟ್ ಆಗುತ್ತೆ, ಹೆಚ್ಚಿನ ಕಲ್ಲು ಕಟ್ಟೋದು ಅದರಿಂದಲೇ. ಸ್ವೀಡನ್‌ನ ಗಂಡಸರ ಅಧ್ಯಯನವೊಂದರಲ್ಲಿ ಸಿ ಮಾತ್ರೆ ತಗೊಳ್ಳುವವರಿಗೆ ಕಲ್ಲಾಗುವ ಸಾಧ್ಯತೆ ಸುಮಾರು ಎರಡು ಪಟ್ಟು ಕಂಡಿತ್ತು. ಆರೋಗ್ಯವಂತರಿಗೂ ದಿನಕ್ಕೆ 2 ಗ್ರಾಂ ಮಿತಿ. ಸಿ ತುಂಬಾ ಜಾಸ್ತಿಯಾದರೆ ಕೆಲವು ಗ್ಲುಕೋಮೀಟರ್‌ಗಳು ಶುಗರನ್ನು ತಪ್ಪಾಗಿ ತೋರಿಸ್ತವೆ. ಅದನ್ನು ನಂಬಿ ಇನ್ಸುಲಿನ್ ಹೆಚ್ಚಿಸಿದರೆ ಕಷ್ಟ.

ಮುಂದಿನ ಚೆಕಪ್‌ನಲ್ಲಿ ಲಿಪೊಪ್ರೋಟೀನ್-ಎ ಒಮ್ಮೆ ಪರೀಕ್ಷೆ ಮಾಡಿಸಿ. ಪೌಲಿಂಗ್ ಬೆರಳಿಟ್ಟ ಆ ಕಣ ನಿಜಕ್ಕೂ ಅಪಾಯಕಾರಿ, ಬಹುಪಾಲು ವಂಶವಾಹಿಯಿಂದ ಬರೋದು. ಅಪ್ಪನಿಗೆ ಜಾಸ್ತಿ ಇದ್ದರೆ ಅವರ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟರಾಲ್) ಇನ್ನೂ ಕೆಳಗೆ ಇಳಿಸಬೇಕಾಗುತ್ತೆ, ನೀವೂ ನಿಮ್ಮದನ್ನು ನೋಡಿಸಿಕೊಳ್ಳಿ.